ವಾಗ್ದಂಡನೆಯಲ್ಲಿ ಎಣಿಸಬೇಕಾದ್ದು ಅಡ್ಡಮತಗಳನ್ನು

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ವಾಗ್ದಂಡನೆ ಸುದ್ದಿ ಬಂದಾಗಲೆಲ್ಲ ಓದುಗರು ಮೂರು ಗುಂಪಾಗುತ್ತಾರೆ. ಒಬ್ಬರು ಡೆಮಾಕ್ರಟರನ್ನು ಬೈಯುತ್ತಾರೆ. ಇನ್ನೊಬ್ಬರು ರಿಪಬ್ಲಿಕನ್ನರನ್ನು ಬೈಯುತ್ತಾರೆ. ಮೂರನೆಯವರು ಬಂದು "ಎಲ್ಲಾ ಬರೀ ಪಕ್ಷ ರಾಜಕೀಯ, ಇಬ್ಬರೂ ಒಂದೇ" ಎಂದು ಕೈತೊಳೆದುಕೊಳ್ಳುತ್ತಾರೆ. ನನ್ನ ತಕರಾರು ಜಾಸ್ತಿ ಇರುವುದು ಈ ಮೂರನೆಯವರ ಮೇಲೆ. ಪಕ್ಷ ರಾಜಕೀಯ ಅನ್ನೋದು ನಿಜ, ಆದರೆ ಅಷ್ಟು ಹೇಳಿ ಎದ್ದುಹೋದರೆ ಏನೂ ಹೇಳಿದಂತಾಗಲಿಲ್ಲ. ಈ ವ್ಯವಸ್ಥೆ ಕಟ್ಟಿದವರಿಗೇ ಅದು ಮೊದಲೇ ಗೊತ್ತಿತ್ತು. 1788ರಲ್ಲೇ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆದಿದ್ದರು: ಇಂಥ ವಿಚಾರಣೆಯಲ್ಲಿ ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದಕ್ಕಿಂತ ಯಾವ ಪಕ್ಷದ ಬಲ ಎಷ್ಟಿದೆ ಅನ್ನುವುದೇ ತೀರ್ಪು ಬರೆಯುವ ಅಪಾಯ ಇದೆ ಅಂತ.

ಅದಕ್ಕೇ ಕೆಲಸವನ್ನು ಎರಡು ಕಡೆ ಹಂಚಿದರು. ಹೌಸ್‌ನಲ್ಲಿ, ಅಂದರೆ ಪ್ರತಿನಿಧಿ ಸಭೆಯಲ್ಲಿ, ಸರಳ ಬಹುಮತ ಸಾಕು. ಸೆನೆಟ್‌ನಲ್ಲಿ ಹಾಜರಿದ್ದವರ ಪೈಕಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಹೌಸ್‌ನಲ್ಲಿ ವಾಗ್ದಂಡನೆ ಆಯಿತು ಅಂದರೆ ಆರೋಪಪಟ್ಟಿ ಸಲ್ಲಿಕೆ ಆಯಿತು ಅಂತಷ್ಟೇ. ಮನೆಗೆ ಕಳಿಸುವ ಅಧಿಕಾರ ಸೆನೆಟ್‌ನದು. ಇದುವರೆಗೆ ಮೂವರು ಅಧ್ಯಕ್ಷರ ಮೇಲೆ ನಾಲ್ಕು ಸಲ ಹೌಸ್ ಆರೋಪ ಹೊರಿಸಿದೆ. 1868ರಲ್ಲಿ ಆಂಡ್ರ್ಯೂ ಜಾನ್ಸನ್, 1998ರಲ್ಲಿ ಬಿಲ್ ಕ್ಲಿಂಟನ್, 2019ರಲ್ಲೂ 2021ರಲ್ಲೂ ಡೊನಾಲ್ಡ್ ಟ್ರಂಪ್. ಒಬ್ಬರನ್ನೂ ಸೆನೆಟ್ ತಪ್ಪಿತಸ್ಥ ಎಂದಿಲ್ಲ. ನಿಜವಾಗಿ ಕುರ್ಚಿ ಬಿಟ್ಟವರು ರಿಚರ್ಡ್ ನಿಕ್ಸನ್. ತಮಾಷೆ ಏನೆಂದರೆ ಅವರ ಮೇಲೆ ಇಡೀ ಹೌಸ್ ಆರೋಪಗಳಿಗೆ ಮತ ಹಾಕುವ ಹೊತ್ತೇ ಬರಲಿಲ್ಲ.

ಹಾಗಾದರೆ ಏನನ್ನು ನೋಡಬೇಕು? ನನ್ನ ಪ್ರಕಾರ ಒಂದೇ ಒಂದು ಲೆಕ್ಕ. ಅಧ್ಯಕ್ಷರ ಸ್ವಂತ ಪಕ್ಷದವರಲ್ಲಿ ಎಷ್ಟು ಮಂದಿ ಅಡ್ಡಮತ ಹಾಕಿದರು, ಹಾಕಿದ ಮೇಲೆ ಅವರ ಗತಿ ಏನಾಯಿತು. ಎದುರು ಪಕ್ಷದವರು ಬೇಕು ಅನ್ನುವುದು, ಆಳುವ ಪಕ್ಷದವರು ಬೇಡ ಅನ್ನುವುದು, ಇದರಲ್ಲಿ ಸುದ್ದಿ ಏನಿದೆ?

ತನಿಖೆ ಶುರು ಮಾಡೋಣವೇ ಎಂದು ಹೌಸ್‌ನಲ್ಲಿ ಬಿದ್ದ ಮತಗಳನ್ನು ಸಾಲಾಗಿ ಇಟ್ಟು ನೋಡಿ. 1974ರ ಫೆಬ್ರವರಿಯಲ್ಲಿ ನಿಕ್ಸನ್ ವಿಷಯಕ್ಕೆ 410 ಪರ, 4 ವಿರುದ್ಧ. ಅಂದರೆ ನಿಕ್ಸನ್ ಪಕ್ಷದವರೂ "ತನಿಖೆ ಆಗಲಿ ಬಿಡಿ" ಅಂದರು. 1998ರ ಅಕ್ಟೋಬರಿನಲ್ಲಿ ಕ್ಲಿಂಟನ್ ವಿಷಯಕ್ಕೆ 258 ಪರ, 176 ವಿರುದ್ಧ, ಪರ ಇದ್ದವರಲ್ಲಿ 31 ಮಂದಿ ಕ್ಲಿಂಟನ್ ಪಕ್ಷದವರೇ. 2019ರ ಅಕ್ಟೋಬರಿನಲ್ಲಿ ಟ್ರಂಪ್ ವಿಷಯಕ್ಕೆ 232 ಪರ, 196 ವಿರುದ್ಧ, ರಿಪಬ್ಲಿಕನ್ನರು ಸೊನ್ನೆ. 2023ರ ಡಿಸೆಂಬರಿನಲ್ಲಿ ಬೈಡನ್ ವಿಷಯಕ್ಕೆ 221 ಪರ, 212 ವಿರುದ್ಧ, ಡೆಮಾಕ್ರಟರು ಸೊನ್ನೆ. ಗಮನಿಸಿ, ಇವು ಬರೀ ತನಿಖೆಗೆ ಹಾಕಿದ ಮತ, ಶಿಕ್ಷೆಗಲ್ಲ. ಕಡತ ತೆರೆದು ನೋಡೋಣ ಅನ್ನುವುದಕ್ಕೂ ಈಗ ಸ್ವಂತ ಪಕ್ಷದಿಂದ ಒಬ್ಬರೂ ಬರುತ್ತಿಲ್ಲ. ಆ ಬೈಡನ್ ತನಿಖೆಯಂತೂ ಎಲ್ಲಿಗೂ ಮುಟ್ಟಲಿಲ್ಲ. ಆರೋಪಗಳ ಮೇಲೆ ಹೌಸ್‌ನಲ್ಲಿ ಮತವೇ ಆಗಲಿಲ್ಲ.

ನಿಕ್ಸನ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, "ಆಗಿನವರು ಎಂಥ ದೊಡ್ಡ ಮನುಷ್ಯರು" ಎಂದು ನಿಟ್ಟುಸಿರು ಬಿಡುವುದಕ್ಕೆ. ಸ್ವಲ್ಪ ತಡೀರಿ. 1972ರ ಜೂನ್‌ನಲ್ಲಿ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಯೊಳಗೆ ಕಳ್ಳರು ಸಿಕ್ಕಿಬಿದ್ದರು. ಅಲ್ಲಿಂದ ರಾಜೀನಾಮೆಗೆ ಎರಡು ವರ್ಷದ ಮೇಲೆ ಹಿಡಿಯಿತು. ಆ ಎರಡು ವರ್ಷದಲ್ಲಿ ಬಹುಪಾಲು ರಿಪಬ್ಲಿಕನ್ನರು ನಿಕ್ಸನ್ ಬೆನ್ನಿಗೇ ಇದ್ದರು. 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ 8-0 ಅಂತರದಲ್ಲಿ ನಿಕ್ಸನ್ ತಮ್ಮ ಮಾತುಕತೆಗಳನ್ನು ರೆಕಾರ್ಡ್ ಮಾಡಿಸಿದ್ದ "ಟೇಪ್‌ಗಳನ್ನು ಕೊಡಿ" ಅಂದಿತು. ಮೂರು ದಿನ ಕಳೆದು ಹೌಸ್‌ನ ನ್ಯಾಯಾಂಗ ಸಮಿತಿ ಮೊದಲ ಆರೋಪವನ್ನು 27-11ರಲ್ಲಿ ಒಪ್ಪಿತು. ಆ 27ರಲ್ಲಿ ಆರು ಜನ ರಿಪಬ್ಲಿಕನ್ನರು. ಸಮಿತಿಯಲ್ಲಿದ್ದ ಉಳಿದ ರಿಪಬ್ಲಿಕನ್ನರು ಅಷ್ಟಾದರೂ ಜಗ್ಗಲಿಲ್ಲ. ಆಗಸ್ಟ್ 5ಕ್ಕೆ ತನಿಖೆ ತಡೆಯಲು ನಿಕ್ಸನ್ನೇ ಸೂಚನೆ ಕೊಡುತ್ತಿರುವ ಟೇಪ್ ಹೊರಬಿತ್ತು. ನೆಲ ಕುಸಿದಿದ್ದು ಆಗ. 7ನೇ ತಾರೀಕು ಬ್ಯಾರಿ ಗೋಲ್ಡ್‌ವಾಟರ್, ಹ್ಯೂ ಸ್ಕಾಟ್, ಜಾನ್ ರೋಡ್ಸ್ ಮೂವರೂ ಶ್ವೇತಭವನಕ್ಕೆ ಹೋಗಿ, ಸೆನೆಟ್‌ನಲ್ಲಿ ನಿಮ್ಮ ಪರ ಮತಗಳು ಉಳಿದಿಲ್ಲ ಎಂದು ತಿಳಿಸಿದರು. ಮೂವರೂ ನಿಕ್ಸನ್ ಪಕ್ಷದ ದೊಡ್ಡ ತಲೆಗಳು. ಮರುದಿನ ನಿಕ್ಸನ್ ಟಿವಿಯಲ್ಲಿ ರಾಜೀನಾಮೆ ಘೋಷಿಸಿದರು.

ಅಂದರೆ ಆಗಿನವರೂ ಸಂತರಲ್ಲ. ಸಾಕ್ಷಿ ಕೈಗೆ ಸಿಕ್ಕಿ, ಮತದಾರರೂ ತಿರುಗಿಬಿದ್ದ ಮೇಲೆ ಕದಲಿದರು. ಆದರೂ ಒಂದು ವ್ಯತ್ಯಾಸ ಇತ್ತು. ಅಂಟಿಕೊಂಡು ಕೂತರೆ ಸೋಲುವ ಭಯ ಆಗ ಇತ್ತು. ಸಮಿತಿಯಲ್ಲಿ ನಿಕ್ಸನ್ ಪರ ಗಟ್ಟಿಯಾಗಿ ವಾದಿಸಿದ್ದ ನ್ಯೂಜೆರ್ಸಿಯ ಚಾರ್ಲ್ಸ್ ಸ್ಯಾಂಡ್‌ಮನ್ ಆ ನವೆಂಬರಿನಲ್ಲೇ ಸೀಟು ಕಳೆದುಕೊಂಡರು. ಹಾಗಂತ ಅಡ್ಡಮತ ಹಾಕಿದವರಿಗೆ ಹೂಮಾಲೆ ಬಿತ್ತು ಅಂತಲೂ ಅಲ್ಲ. ಮೇರಿಲ್ಯಾಂಡ್‌ನ ಲಾರೆನ್ಸ್ ಹೋಗನ್ ನಿಕ್ಸನ್ ವಿರುದ್ಧ ಮತ ಹಾಕಿದರು, ಅದೇ ವರ್ಷ ಗವರ್ನರ್ ಟಿಕೆಟ್‌ಗೆ ನಡೆದ ತಮ್ಮ ಪಕ್ಷದ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆಯಲ್ಲಿ, ಸೋತರು. ಒಟ್ಟಿನಲ್ಲಿ ಆಗ ಎರಡೂ ಕಡೆ ನಷ್ಟ ಇತ್ತು. ಈಗ ನಷ್ಟ ಇರೋದು ಒಂದೇ ಕಡೆ.

ಅದಕ್ಕೆ ಬರುವ ಮೊದಲು ಉಲ್ಟಾ ಹೊಡೆದವರ ಬಗ್ಗೆ ಎರಡು ಮಾತು, ಯಾಕೆಂದರೆ ಇದನ್ನು ಬಿಟ್ಟರೆ ನಾನು ಒಂದು ಕಡೆ ವಾಲಿದೆ ಅಂತೀರಿ. ಡೆಮಾಕ್ರಟ್ ಜೆರಿ ನ್ಯಾಡ್ಲರ್ 1998ರಲ್ಲಿ ಹೇಳಿದ್ದು ಏನು ಗೊತ್ತೇ? ಒಂದು ಪಕ್ಷ ಬೇಕು, ಇನ್ನೊಂದು ಪಕ್ಷ ಬೇಡ ಅನ್ನುವಂಥ ಅಲ್ಪ ಅಂತರದ ವಾಗ್ದಂಡನೆ ಎಂದೂ ಆಗಬಾರದು ಅಂತ. 2019ರಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ಅಂಥದ್ದನ್ನೇ ಮುಂದೆ ನಿಂತು ಮಾಡಿಸಿದವರೂ ಅವರೇ. ಆಗ ಹೌಸ್ ಸ್ಪೀಕರ್ ಆಗಿದ್ದ ಡೆಮಾಕ್ರಟ್ ನ್ಯಾನ್ಸಿ ಪೆಲೋಸಿ 2019ರ ಮಾರ್ಚ್‌ನಲ್ಲಿ, ಎರಡೂ ಪಕ್ಷ ಒಪ್ಪದೆ ಈ ದಾರಿ ಹಿಡಿಯಬಾರದು ಅಂದರು, ಸೆಪ್ಟೆಂಬರಿನಲ್ಲಿ ತಾವೇ ತನಿಖೆ ಘೋಷಿಸಿದರು. ಇತ್ತ ರಿಪಬ್ಲಿಕನ್ ಲಿಂಡ್ಸೆ ಗ್ರಹಾಂ 1999ರಲ್ಲಿ ಕ್ಲಿಂಟನ್ ವಿರುದ್ಧ ಸೆನೆಟ್‌ನಲ್ಲಿ ವಾದ ಮಂಡಿಸಿದ ಹೌಸ್ ತಂಡದಲ್ಲಿದ್ದರು. ಆ ತಂಡಕ್ಕೆ ಆಗ ಸಾಕ್ಷಿಗಳು ಬೇಕೇ ಬೇಕಿತ್ತು. 2020ರಲ್ಲಿ ಸೆನೆಟರ್ ಆಗಿದ್ದ ಗ್ರಹಾಂಗೆ ಸಾಕ್ಷಿಗಳು ಬೇಡವಾದರು. ಡೆಮಾಕ್ರಟ್ ಸೆನೆಟರ್ ಚಕ್ ಶೂಮರ್ ಇದರ ತಲೆಕೆಳಗಾದ ಪ್ರತಿ: 1999ರಲ್ಲಿ ಸಾಕ್ಷಿ ಬೇಡ, 2020ರಲ್ಲಿ ಬೇಕು. 1999ರ ವಾದಗಳನ್ನು ತೆಗೆದು ಹೆಸರು ಅದಲುಬದಲು ಮಾಡಿದರೆ 2020ರ ವಾದಗಳು ರೆಡಿ.

ಆದರೂ "ಇಬ್ಬರೂ ಒಂದೇ" ಅನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಮಾತು ಬದಲಿಸುವುದರಲ್ಲಿ ಇಬ್ಬರೂ ಒಂದೇ, ಸರಿ. ಆರೋಪಗಳ ತೂಕ ಒಂದೇ ಅಲ್ಲವಲ್ಲ. ಕ್ಲಿಂಟನ್ ಖಾಸಗಿ ಸಂಬಂಧದ ಬಗ್ಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ತಪ್ಪು. ಟ್ರಂಪ್ ಉಕ್ರೇನಿಗೆ ಕೊಡಬೇಕಾಗಿದ್ದ ಸುಮಾರು 39 ಕೋಟಿ ಡಾಲರ್ ಮಿಲಿಟರಿ ನೆರವನ್ನು ತಡೆಹಿಡಿದುಕೊಂಡು, ಅದೇ ಹೊತ್ತಿಗೆ ಅಲ್ಲಿನ ಅಧ್ಯಕ್ಷರಿಗೆ ಫೋನಿನಲ್ಲಿ ನನ್ನ ಎದುರಾಳಿಯ ಮೇಲೆ ತನಿಖೆ ಮಾಡಿಸಿ ಎಂದು ಕೇಳಿದ್ದು ಬೇರೆ ಥರದ ತಪ್ಪು. ಟ್ರಂಪ್ ಚುನಾವಣೆ ಸೋತ ಮೇಲೆ ಅವರ ಬೆಂಬಲಿಗರ ಗುಂಪು ಸಂಸತ್ತಿನ ಮೇಲೆ ನುಗ್ಗಿದ್ದಂತೂ ಮತ್ತೊಂದೇ ಮಟ್ಟದ್ದು. ಕೊನೆಯದಕ್ಕೆ ಅಡ್ಡಮತ ಅತಿ ಜಾಸ್ತಿ ಬಿದ್ದಿದ್ದು ಸುಮ್ನೆ ಅಲ್ಲ. 2021ರ ಜನವರಿ 13ರಂದು ಹೌಸ್‌ನಲ್ಲಿ ಟ್ರಂಪ್ ವಿರುದ್ಧ 232 ಮತ ಬಿತ್ತು, ಅದರಲ್ಲಿ ಹತ್ತು ರಿಪಬ್ಲಿಕನ್ನರದ್ದು. ಸೆನೆಟ್‌ನಲ್ಲಿ 57 ಜನ ತಪ್ಪಿತಸ್ಥ ಅಂದರು, ಅದರಲ್ಲಿ ಏಳು ರಿಪಬ್ಲಿಕನ್ನರು. ಬೇಕಾಗಿದ್ದದ್ದು 67. ಅದಕ್ಕಿಂತ ಹಿಂದಿನ ವರ್ಷ ಸೆನೆಟ್‌ನಲ್ಲಿ ಹಾಗೆ ಕದಲಿದ್ದು ಮಿಟ್ ರಾಮ್ನಿ ಒಬ್ಬರೇ. ತಮ್ಮದೇ ಪಕ್ಷದ ಅಧ್ಯಕ್ಷರನ್ನು ತಪ್ಪಿತಸ್ಥ ಎಂದ ಮೊದಲ ಸೆನೆಟರ್ ಅವರು.

2021ರಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕರಾಗಿದ್ದ ಮಿಚ್ ಮೆಕಾನೆಲ್ ಆಡಿದ ಆಟವನ್ನು ಮಾತ್ರ ಮರೆಯುವ ಹಾಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಟ್ರಂಪ್ ಇನ್ನೂ ಅಧಿಕಾರದಲ್ಲಿದ್ದ ವಾರದಲ್ಲಿ ಸೆನೆಟ್ ಅನ್ನು ಬೇಗ ಸೇರಿಸಲು ಅವರು ಒಪ್ಪಲಿಲ್ಲ. ವಿಚಾರಣೆ ನಡೆದಾಗ, ಟ್ರಂಪ್ ಈಗ ಮಾಜಿ, ಮಾಜಿಯನ್ನು ಶಿಕ್ಷಿಸುವ ಅಧಿಕಾರ ನಮಗಿಲ್ಲ ಎಂದು ತಪ್ಪಿತಸ್ಥ ಅಲ್ಲ ಅಂತ ಮತ ಹಾಕಿದರು. ಮತ ಹಾಕಿ ಎದ್ದು ನಿಂತು, ನಡೆದಿದ್ದಕ್ಕೆಲ್ಲ ಟ್ರಂಪ್ ಅವರೇ ನೈತಿಕವಾಗಿ ಹೊಣೆ, ಬೇಕಿದ್ದರೆ ಕೋರ್ಟುಗಳು ಇವೆಯಲ್ಲ ಅಂದರು. ಆ ಕೋರ್ಟು ಏನು ಮಾಡಿತು? 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ, ಅಧ್ಯಕ್ಷರು ಹುದ್ದೆಯ ಕೆಲಸವಾಗಿ ಮಾಡಿದ್ದಕ್ಕೆ ಕ್ರಿಮಿನಲ್ ಕೇಸಿನಿಂದ ದೊಡ್ಡ ಮಟ್ಟದ ರಕ್ಷಣೆ ಇದೆ ಅಂದಿತು. ಸೆನೆಟ್ ಕೋರ್ಟಿನ ಕಡೆ ಬೆರಳು ತೋರಿಸಿತು, ಕೋರ್ಟು ಆ ಬಾಗಿಲನ್ನು ಮುಕ್ಕಾಲು ಮುಚ್ಚಿತು.

ಈಗ ಆ ಹತ್ತು ಜನರ ವಿಷಯಕ್ಕೆ ಬರುತ್ತೇನೆ. ಪತ್ರಿಕೆಗಳು ಬರೆಯಬೇಕಾದ್ದು ಇದನ್ನೇ. 2022ರ ಚುನಾವಣೆ ಮುಗಿಯುವಷ್ಟರಲ್ಲಿ ಹತ್ತರಲ್ಲಿ ಉಳಿದವರು ಇಬ್ಬರು. ನಾಲ್ಕು ಜನ ಮತ್ತೆ ನಿಲ್ಲಲೇ ಇಲ್ಲ. ನಾಲ್ಕು ಜನ ಪ್ರೈಮರಿಯಲ್ಲಿ ಸೋತರು, ಅವರಲ್ಲಿ ವಯೋಮಿಂಗ್‌ನ ಲಿಜ್ ಚೆನಿ ಹೆಸರು ಎಲ್ಲರಿಗೂ ಗೊತ್ತು. ಸೆನೆಟ್ ಕಡೆ ಲೂಸಿಯಾನದ ಬಿಲ್ ಕ್ಯಾಸಿಡಿಗೆ ಅವರ ರಾಜ್ಯದ ಪಕ್ಷ ಮತ ಹಾಕಿದ ದಿನವೇ ಖಂಡನಾ ನಿರ್ಣಯ ಹೊರಡಿಸಿತು. ಅಲ್ಲಿ ನಮ್ಮ ಹಾಗೆ ವಿಪ್ ಮೀರಿದರೆ ಸದಸ್ಯತ್ವ ಹೋಗುವ ಕಾನೂನಿಲ್ಲ. ಕಾನೂನು ಬೇಕಾಗಿಯೂ ಇಲ್ಲ ಬಿಡಿ, ಪ್ರೈಮರಿ ಆ ಕೆಲಸ ಮಾಡುತ್ತೆ. ಹೈಕಮಾಂಡ್ ಟಿಕೆಟ್ ತಪ್ಪಿಸಿದರೆ ಹೈಕಮಾಂಡನ್ನು ಬೈಯಬಹುದು. ಅಲ್ಲಿ ಟಿಕೆಟ್ ತಪ್ಪಿಸುವವರು ಪ್ರೈಮರಿಗೆ ಬಂದು ಮತ ಹಾಕುವ ಪಕ್ಷದ ಕಟ್ಟಾ ಬೆಂಬಲಿಗರು. ಸಾಮಾನ್ಯ ಚುನಾವಣೆಗೆ ಬರುವವರಿಗಿಂತ ಅವರ ಸಂಖ್ಯೆ ತುಂಬಾ ಕಮ್ಮಿ, ಸಿಟ್ಟು ಜಾಸ್ತಿ.

ಪೀಟರ್ ಮೈಯರ್ ಕಥೆ ಕೇಳಿ. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಕಡೆಯ ಹೊಸ ರಿಪಬ್ಲಿಕನ್ ಸಂಸದ. ಪ್ರಮಾಣವಚನ ತೆಗೆದುಕೊಂಡು ಹತ್ತೇ ದಿನಕ್ಕೆ ತಮ್ಮ ಪಕ್ಷದ ಅಧ್ಯಕ್ಷರ ವಿರುದ್ಧ ಮತ ಹಾಕಬೇಕಾಗಿ ಬಂತು, ಹಾಕಿದರು. 2022ರ ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲದ ಜಾನ್ ಗಿಬ್ಸ್ ನಿಂತರು. ಇಲ್ಲಿವರೆಗೆ ಎಲ್ಲರೂ ಊಹಿಸಬಹುದು. ಊಹಿಸದ ಭಾಗ ಇದು: ಡೆಮಾಕ್ರಟಿಕ್ ಪಕ್ಷದ ಹೌಸ್ ಪ್ರಚಾರ ಸಮಿತಿ ನಾಲ್ಕು ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚು ಮಾಡಿ, ಗಿಬ್ಸ್ ಎಷ್ಟು ಪಕ್ಕಾ ಟ್ರಂಪ್ ಮನುಷ್ಯ ನೋಡಿ ಎಂದು ಜಾಹೀರಾತು ಕೊಟ್ಟಿತು. ಮೇಲ್ನೋಟಕ್ಕೆ ಟೀಕೆ, ಒಳಗೆ ಗಿಬ್ಸ್‌ಗೆ ಪ್ರಚಾರ. ನವೆಂಬರಿನಲ್ಲಿ ಮೈಯರ್‌ಗಿಂತ ಗಿಬ್ಸ್‌ನ್ನು ಸೋಲಿಸುವುದು ಸುಲಭ ಅನ್ನುವ ಲೆಕ್ಕ. ಲೆಕ್ಕ ಸರಿಯಾಯಿತು. ಮೈಯರ್ ಪ್ರೈಮರಿಯಲ್ಲಿ ಸೋತರು, ಗಿಬ್ಸ್ ನವೆಂಬರಿನಲ್ಲಿ ಸೋತರು, ಸೀಟು ಡೆಮಾಕ್ರಟರಿಗೆ ಬಂತು. "ದೇಶಕ್ಕಾಗಿ ಪಕ್ಷ ಮೀರಿ ಬನ್ನಿ" ಎಂದು ಕರೆದವರೇ, ಮೀರಿ ಬಂದವರ ಕಾಲು ಎಳೆದರು. ಮುಂದಿನ ಸಲ ಯಾವ ರಿಪಬ್ಲಿಕನ್ ಈ ಕರೆಗೆ ಓಗೊಡುತ್ತಾರೆ ಹೇಳಿ. ಅಂದಹಾಗೆ, ಮೈಯರ್‌ಗೆ ಮೊದಲು ಅದೇ ಸೀಟಿನಲ್ಲಿದ್ದವರು ಜಸ್ಟಿನ್ ಅಮಾಶ್. 2019ರಲ್ಲಿ ಟ್ರಂಪ್ ವಾಗ್ದಂಡನೆ ಆಗಬೇಕು ಎಂದು ಹೇಳಿ ರಿಪಬ್ಲಿಕನ್ ಪಕ್ಷದಿಂದಲೇ ಹೊರಬಿದ್ದವರು.

ಉಳಿದ ಆ ಇಬ್ಬರು ಯಾರು? ವಾಷಿಂಗ್ಟನ್ ರಾಜ್ಯದ ಡ್ಯಾನ್ ನ್ಯೂಹೌಸ್, ಕ್ಯಾಲಿಫೋರ್ನಿಯಾದ ಡೇವಿಡ್ ವಲಡಾವೊ. ಈ ಎರಡೂ ರಾಜ್ಯಗಳಲ್ಲಿ ಪಕ್ಷಕ್ಕೊಂದು ಪ್ರೈಮರಿ ಇಲ್ಲ. ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಇರುತ್ತಾರೆ, ಯಾರು ಬೇಕಾದರೂ ಮತ ಹಾಕಬಹುದು, ಮೊದಲ ಇಬ್ಬರು ಮುಂದಕ್ಕೆ ಹೋಗುತ್ತಾರೆ. ಸೆನೆಟ್‌ನ ಆ ಏಳು ಜನರಲ್ಲಿ 2022ರಲ್ಲೇ ಮತದಾರರ ಮುಂದೆ ಹೋಗಿ ಗೆದ್ದವರು ಅಲಾಸ್ಕಾದ ಲಿಸಾ ಮರ್ಕೌಸ್ಕಿ. ಅಲ್ಲೂ ಎಲ್ಲರಿಗೂ ಒಂದೇ ಪ್ರೈಮರಿ, ನಾಲ್ವರು ಮುಂದಕ್ಕೆ. ಇದು ಮಂತ್ರ ಅಂತ ನಾನು ಹೇಳುತ್ತಿಲ್ಲ. ವಾಷಿಂಗ್ಟನ್‌ನಲ್ಲೇ ಜೇಮಿ ಹೆರೆರಾ ಬ್ಯೂಟ್ಲರ್ ಮೂರನೇ ಸ್ಥಾನಕ್ಕೆ ಹೋಗಿ ಸೋತರು. ಆದರೆ ಉಳಿದ ಬೆರಳೆಣಿಕೆಯವರೆಲ್ಲ ಇಂಥ ಕಡೆಯೇ ಸಿಗುವುದು ಕಾಕತಾಳೀಯ ಅನ್ನಲು ನನಗೆ ಮನಸ್ಸಿಲ್ಲ.

ಮೂರನೇ ಎರಡರ ನಿಯಮವನ್ನೇ ತೆಗೆದು ಸರಳ ಬಹುಮತ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವ ವಾದವೂ ಇದೆ. ಲೆಕ್ಕ ಹಾಕಿ ನೋಡೋಣ. ಕ್ಲಿಂಟನ್ ವಿರುದ್ಧ ಒಂದು ಆರೋಪಕ್ಕೆ 45 ಮತ, ಇನ್ನೊಂದಕ್ಕೆ 50-50. ಎರಡೂ ಬಹುಮತ ಅಲ್ಲ. 2020ರಲ್ಲಿ ಟ್ರಂಪ್ ವಿರುದ್ಧ 48 ಮತ್ತು 47. ಅದೂ ಅಲ್ಲ. ಫಲಿತಾಂಶ ಬದಲಾಗುತ್ತಿದ್ದದ್ದು ಎರಡೇ ಸಲ. 2021ರಲ್ಲಿ, ಆಗ ಟ್ರಂಪ್ ಆಗಲೇ ಮನೆಗೆ ಹೋಗಿದ್ದರು, ಉಳಿದಿದ್ದ ಪ್ರಶ್ನೆ ಮತ್ತೆ ಸ್ಪರ್ಧಿಸದಂತೆ ತಡೆಯುವುದೊಂದೇ. ಮತ್ತೆ 1868ರಲ್ಲಿ. ಜಾನ್ಸನ್ ವಿರುದ್ಧ 35, ಪರ 19, ಒಂದೇ ಮತದಲ್ಲಿ ಪಾರು. ಆ ಮುಖ್ಯ ಆರೋಪ ಏನು ಗೊತ್ತೇ? ಸೆನೆಟ್‌ನ ಒಪ್ಪಿಗೆ ಇಲ್ಲದೆ ತಮ್ಮದೇ ಯುದ್ಧ ಮಂತ್ರಿಯನ್ನು ಕೆಲಸದಿಂದ ತೆಗೆದದ್ದು. ಜಾನ್ಸನ್ ಒಳ್ಳೆಯ ಅಧ್ಯಕ್ಷರೇನಲ್ಲ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗೆ ಹಕ್ಕು ಸಿಗುವುದಕ್ಕೆ ಅಡ್ಡಗಾಲು ಹಾಕಿದವರು. ಸಂಸತ್ತಿನ ನಿಜವಾದ ಸಿಟ್ಟು ಅದರ ಮೇಲಿತ್ತು, ಆರೋಪ ಮಾತ್ರ ಬೇರೆಯದರ ಮೇಲೆ. ಜೊತೆಗೆ, ಜಾನ್ಸನ್ ಹೋದರೆ ಕುರ್ಚಿ ಸಿಗುತ್ತಿದ್ದದ್ದು ಸೆನೆಟ್‌ನ ಹಂಗಾಮಿ ಅಧ್ಯಕ್ಷ ಬೆಂಜಮಿನ್ ವೇಡ್‌ಗೆ, ಅವರೂ ತಪ್ಪಿತಸ್ಥ ಎಂದು ಮತ ಹಾಕಿದ್ದರು! ಅಂದು ಏಳು ರಿಪಬ್ಲಿಕನ್ನರು ತಮ್ಮ ಪಕ್ಷ ಬಿಟ್ಟು ಜಾನ್ಸನ್‌ರನ್ನು ಉಳಿಸಿದರು. ಅವರಲ್ಲಿ ಕಾನ್ಸಾಸ್‌ನ ಎಡ್ಮಂಡ್ ರಾಸ್ ಅವರನ್ನು ಹೀರೋ ಅನ್ನುವವರು, ಆಮೇಲೆ ಅವರು ತಮ್ಮವರಿಗೆ ಹುದ್ದೆ ಕೊಡಿ ಎಂದು ಜಾನ್ಸನ್ ಹತ್ತಿರವೇ ಹೋದದ್ದನ್ನು ಮಾತ್ರ ಹೇಳುವುದಿಲ್ಲ.

ಅಮೆರಿಕ ಬಿಟ್ಟು ದಕ್ಷಿಣ ಕೊರಿಯಾ ನೋಡಿ ಅನ್ನುವವರಿಗೆ: ನೋಡಿದೆ. 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಮಿಲಿಟರಿ ಕಾನೂನು ಹೇರಿದರು. 7ರಂದು ಅವರ ವಾಗ್ದಂಡನೆಗೆ ಮೊದಲ ಮತ. 200 ಬೇಕಿತ್ತು, ಅವರ ಪಕ್ಷದ ಬಹುತೇಕರು ಎದ್ದುಹೋಗಿ 195 ಜನರಷ್ಟೇ ಮತ ಹಾಕಿದರು, ಎಣಿಕೆಯೇ ಆಗಲಿಲ್ಲ. 14ಕ್ಕೆ ಎರಡನೇ ಮತ, 204 ಬಿತ್ತು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ಕೋರ್ಟ್ 8-0ರಲ್ಲಿ ಯೂನ್‌ರನ್ನು ತೆಗೆದುಹಾಕಿತು. ಎರಡು ದೊಡ್ಡ ವ್ಯತ್ಯಾಸ ಇವೆ. ಅಲ್ಲಿ ಕೊನೆಯ ತೀರ್ಪು ನ್ಯಾಯಾಧೀಶರದು. ಇನ್ನೊಂದು, ಸಂಸತ್ತಿನಲ್ಲಿ ಈ ಮತ ಗುಪ್ತ. ಮೊದಲ ಸಲ ಪಕ್ಷದವರು ಹೊರಗೆ ಎದ್ದುಹೋಗಿದ್ದು ಯಾಕೆ ಅಂತ ಈಗ ಅರ್ಥವಾಗುತ್ತೆ ಅಲ್ವಾ? ಒಳಗೆ ಕೂತರೆ ಯಾರು ಯಾವ ಕಡೆ ಮತ ಹಾಕಿದರು ಎಂದು ಪಕ್ಷಕ್ಕೆ ಗೊತ್ತಾಗುತ್ತಿರಲಿಲ್ಲ. ಅಮೆರಿಕದ ಸೆನೆಟ್‌ನಲ್ಲಿ ಗುಪ್ತ ಮತ ಇಟ್ಟಿದ್ದರೆ 2021ರಲ್ಲಿ 67 ಸಿಗುತ್ತಿತ್ತೇನೋ. ಆದರೆ ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಕೇಳಿದರೆ ಹೆಸರು ಸಮೇತ ಮತ ದಾಖಲಾಗಬೇಕು ಎಂದು ಸಂವಿಧಾನವೇ ಹೇಳುತ್ತದೆ. ಆ ಐದನೇ ಒಂದು ಭಾಗ ಯಾವತ್ತೂ ಸಿಕ್ಕೇ ಸಿಗುತ್ತದೆ. ಮತದಾರರಿಗೆ ತಮ್ಮ ಪ್ರತಿನಿಧಿ ಏನು ಮಾಡಿದರು ಎಂದು ತಿಳಿಯುವ ಹಕ್ಕೂ ಇದೆ, ಹಾಗಾಗಿ ಗುಪ್ತ ಮತವನ್ನು ನಾನು ಪೂರ್ತಿ ಒಪ್ಪಲಾರೆ.

ಕೊನೆಗೊಂದು ವಿಷಯ. ಅಮೆರಿಕದಲ್ಲಿ ವಾಗ್ದಂಡನೆ ಗೊತ್ತುವಳಿಗೆ ಎದುರು ಪಕ್ಷದವರೂ ಈಗ ಹಿಂಜರಿಯುತ್ತಾರೆ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ವಿರುದ್ಧ ಏಳು ಆರೋಪಗಳ ಗೊತ್ತುವಳಿ ತಂದವರು ಡೆಮಾಕ್ರಟ್ ಸಂಸದ ಶ್ರೀ ಥಾನೇದಾರ್, ಬೆಳಗಾವಿಯಲ್ಲಿ ಬೆಳೆದವರು. ಮೇ ತಿಂಗಳಲ್ಲಿ ಮತಕ್ಕೆ ಹಾಕುತ್ತೇನೆ ಎಂದು ಹೊರಟಾಗ ಅವರದೇ ಪಕ್ಷದವರು ಸಿಡಿಮಿಡಿಗೊಂಡು, ಅವರು ಹಿಂದೆ ಸರಿದರು. ಜೂನ್‌ನಲ್ಲಿ ಇರಾನ್ ಮೇಲಿನ ದಾಳಿಯ ನಂತರ ಟೆಕ್ಸಾಸ್‌ನ ಆಲ್ ಗ್ರೀನ್ ಇನ್ನೊಂದು ತಂದರು. 344-79ರಲ್ಲಿ ಅದನ್ನು ಬದಿಗಿಡಲಾಯಿತು, ಬದಿಗಿಟ್ಟವರಲ್ಲಿ 128 ಮಂದಿ ಡೆಮಾಕ್ರಟರು. ನಮ್ಮ ಕಡೆ ಇದನ್ನು ಕೆಲವರು "ಟ್ರಂಪ್‌ಗೆ ಡೆಮಾಕ್ರಟರ ಬೆಂಬಲ" ಎಂಬಂತೆ ಓದಿಕೊಂಡರು. ಅದು ಬೆಂಬಲ ಅಲ್ಲ. ಸೋಲುವುದು ಖಚಿತ ಇರುವಾಗ ತಮ್ಮವರನ್ನೇ ಯಾಕೆ ಇಕ್ಕಟ್ಟಿಗೆ ಸಿಕ್ಕಿಸಬೇಕು ಅನ್ನುವ ಲೆಕ್ಕ.

ಆದ್ದರಿಂದ ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ಮುಂದೆ ಯಾವಾಗಾದರೂ ಹೌಸ್‌ನ ಬಹುಮತ ಬದಲಾಗಿ ಮತ್ತೆ ಇಂಥದ್ದು ಬಂದರೆ, ಪುಟದ ತುಂಬ ಎರಡು ಪಕ್ಷದ ನಾಯಕರ ಬೈಗುಳ ಹಾಕಬೇಡಿ. ಅಧ್ಯಕ್ಷರ ಪಕ್ಷದಿಂದ ಯಾರು ಅಡ್ಡಮತ ಹಾಕಿದರು, ಅವರ ಕ್ಷೇತ್ರ ಯಾವುದು, ಅವರ ಮುಂದಿನ ಪ್ರೈಮರಿ ಯಾವಾಗ, ಅಲ್ಲಿ ಯಾರು ಯಾರು ಮತ ಹಾಕಬಹುದು ಅನ್ನುವುದನ್ನು ಒಂದು ಸಣ್ಣ ಚೌಕದಲ್ಲಿ ಕೊಡಿ. ಮತ್ತೆ ಆ ಪ್ರೈಮರಿ ಮುಗಿದ ದಿನ ಫಲಿತಾಂಶವನ್ನೂ ಹಾಕಿ, ಒಳಪುಟದಲ್ಲಾದರೂ ಪರವಾಗಿಲ್ಲ.

ಇಂತಿ,
ನಿಮ್ಮ ಓದುಗ